ಓದಿನ ಪಾಲು

“ಅದೆಲ್ಲ ನಂಗ್ ಅರ್ಥ ಆತಿಲ್ಲೆ ಹೆಣ್ಣೆ. ಅದ್ ಓದ್ರೆ ತಿಂಗ್ಳಿಗ್ ಎಷ್ಟ್ ಬತ್ತ್? ಅಷ್ಟ್ ಹೇಳ್, ಸಾಕ್,” ಅಂದಳು ಉಮಾವತಿ.

ಬೈಂದೂರಿನಿಂದ ಕುಂದಾಪುರಕ್ಕೆ ಹೋಗುವ ಬಸ್ಸು. ಕಿಟಕಿಯ ಕಡೆ ಚಂದನಾ, ಅವಳ ಪಕ್ಕ ಉಮಾವತಿ. ಉಮಾವತಿ ಮೀನು ಮಾರುವವಳು. ಆದರೆ ಆ ಶನಿವಾರ ಅವಳ ಹತ್ತಿರ ಬುಟ್ಟಿ ಇರಲಿಲ್ಲ. ಮಡಿಲಲ್ಲಿ ಒಂದು ಪ್ಲಾಸ್ಟಿಕ್ ಫೈಲು, ಅದರೊಳಗೆ ಮಗಳು ಪೂಜಿತಾಳ ಪಿಯುಸಿ ಅಂಕಪಟ್ಟಿ, ಆಧಾರ್ ಕಾರ್ಡಿನ ನಾಲ್ಕು ಜೆರಾಕ್ಸು, ಬ್ಯಾಂಕಿನ ಪಾಸ್‌ಬುಕ್ಕು. ಉಟ್ಟದ್ದು ಹೊಸ ಸೀರೆ. ಹಳೇ ಸೀರೆಯಲ್ಲಿ ಹೋದರೆ ಬ್ಯಾಂಕಿನವರು ಕುಳಿತುಕೊಳ್ಳಿ ಅಂತಲೂ ಹೇಳುವುದಿಲ್ಲ ಎನ್ನುವುದು ಅವಳು ಕಂಡುಕೊಂಡ ಸತ್ಯ.

“ಎಂತ ಓದ್ದದ್ದ್ ಅಂಬುದಕ್ಕಿಂತ, ಎಲ್ಲಿ ಕೆಲ್ಸ ಸಿಕ್ತ್ ಅಂಬುದ್ರ ಮೇಲ್ ಹೋತ್ ಅತ್ತೆ,” ಅಂದಳು ಚಂದನಾ.

“ಎಂಬಸಿಲ್ ಸಿಕ್ರೆ?”

“ಅಲ್ಲಿ ಆರೆ ತುಂಬ ಬತ್ತ್.”

“ತುಂಬ ಅಂದ್ರೆ? ಲಕ್ಷದ ಹತ್ರವಾ?”

“ಅಕ್ಕು.”

“ಹಂಗಾರ್ ಅಡ್ಡಿಲ್ಲೆ,” ಅಂತ ಉಮಾವತಿ ಹಿಂದಿನ ಸೀಟಿನವರಿಗೂ ಕೇಳುವ ಹಾಗೆ ಉಸಿರುಬಿಟ್ಟಳು. “ಸೋಮವಾರ ಕಡೇ ದಿನ ಅಂಬ್ರ್. ಬೆಂಗ್ಳೂರ್ ಕಾಲೇಜಿನವ್ರ್ ಫೋನ್ ಮಾಡಿ ಮಾಡಿ ಜೀವ ತಿಂತ್ರ್. ಐವತ್ ಸಾವ್ರ ಕಟ್ರೆ ಸೀಟ್ ಹಿಡ್ದಿಡ್ತ್ರಂಬ್ರ್. ಸಂಜಿಗ್ ಚಪ್ಪರದಂಗ್ ಮೀಟಿಂಗ್ ಇತ್ತಲ, ನೀ ನಮ್ ಪೂಜಿತನ್ ಪರವಾಗಿ ಎರಡ್ ಮಾತ್ ಹೇಳ್ಕ್. ನಿನ್ ಮಾತ್ ಅಂದ್ರೆ ಕೇಂತ್ರ್ ಎಲ್ಲ. ಅದಿರ್ಲಿ, ನಿನ್ ಎಂಬಸಿ ಕೆಲ್ಸ ಯಾವಾಗ ಆತ್ತ್?”

“ಪ್ರೋಸೆಸ್ ನಡೀತಾ ಇತ್ತ್ ಅತ್ತೆ.”

ಮೇ ತಿಂಗಳಲ್ಲಿ ಡಿಗ್ರಿ ಮುಗಿಸಿ ಊರಿಗೆ ಬಂದಾಗಿನಿಂದ ಚಂದನಾ ಈ ಒಂದು ಶಬ್ದದ ಮೇಲೆ ಬದುಕಿದ್ದಳು. ಪ್ರೋಸೆಸ್. ಕೇಳಿದವರು ತಲೆಯಾಡಿಸಿ ಮುಂದೆ ಹೋಗುತ್ತಿದ್ದರು. ಪಾಸ್‌ಪೋರ್ಟು, ರೇಷನ್ ಕಾರ್ಡು, ದೋಣಿಯ ಸಬ್ಸಿಡಿ, ಎಲ್ಲದಕ್ಕೂ ಅದೇ ಉತ್ತರ ಕೇಳಿ ರೂಢಿಯಾದವರು. ಸರ್ಕಾರದ್ದು ಅಂದಮೇಲೆ ತಡ ಆಗಲೇಬೇಕು, ತಡ ಆಗದಿದ್ದರೆ ಅದರಲ್ಲೇನೋ ಮೋಸ ಇದೆ ಅಂತಲೇ ಅವರ ನಂಬಿಕೆ.

ಎಂಬಸಿ, ಅಂದರೆ ರಾಯಭಾರ ಕಚೇರಿ, ಎನ್ನುವ ಮಾತು ಅವರ ಮೀನುಗಾರರ ದಡಕ್ಕೆ ಬಂದದ್ದು ಜಿತೇಂದ್ರನ ದೆಸೆಯಿಂದ. ಚಂದನಾಳ ದೊಡ್ಡಪ್ಪನ ಮಗ. ಗಲ್ಫಿನಲ್ಲಿ ಯಾರದೋ ಮೀನಿನ ಬೋಟಿನಲ್ಲಿ ಕೆಲಸಕ್ಕಿದ್ದ. ಐದು ವರ್ಷದ ಹಿಂದೆ ಆ ಬೋಟು ಪಕ್ಕದ ದೇಶದ ನೀರಿಗೆ ಹೋಯಿತೆಂದು ಎಲ್ಲರನ್ನೂ ಹಿಡಿದು ನಾಲ್ಕು ತಿಂಗಳು ಕೂಡಿಹಾಕಿದರು. ಊರಿನವರು ಎಷ್ಟು ಕಚೇರಿ ಹತ್ತಿಳಿದರೋ. ಎಲ್ಲಿ ಹೋದರೂ ಒಂದೇ ಉತ್ತರ: ಎಂಬಸಿಗೆ ಬರೆದಿದ್ದೇವೆ. ಜಿತೇಂದ್ರ ವಾಪಸು ಬಂದ, ಅದು ಬೇರೆ ಮಾತು. ಆದರೆ ಆ ನಾಲ್ಕು ತಿಂಗಳಲ್ಲಿ ಚಂದನಾಳ ಅಪ್ಪ ಕರಿಯನ ತಲೆಯೊಳಗೆ ಒಂದು ಯೋಚನೆ ಹೊಕ್ಕಿತು. ಅಲ್ಲಿ ನಮ್ಮವರು ಒಬ್ಬರಾದರೂ ಇದ್ದಿದ್ದರೆ?

ನಗಬೇಡಿ. ಆಸ್ಪತ್ರೆಯಲ್ಲಿ ನಮ್ಮವಳೊಬ್ಬಳು ನರ್ಸು, ಸೊಸೈಟಿಯಲ್ಲಿ ನಮ್ಮವನೊಬ್ಬ ಗುಮಾಸ್ತ, ಆರ್‌ಟಿಓ ಆಫೀಸಿನ ಬಾಗಿಲಲ್ಲಿ ನಮ್ಮ ಕಡೆಯ ಏಜೆಂಟ. ದಡದ ಜನ ಲೋಕದ ಜೊತೆ ವ್ಯವಹಾರ ಮಾಡಿಕೊಂಡು ಬಂದದ್ದೇ ಹೀಗೆ. ಹಾಗಿದ್ದ ಮೇಲೆ ಎಂಬಸಿಯಲ್ಲೂ ಒಬ್ಬರನ್ನು ಇಟ್ಟುಬಿಟ್ಟರೆ ಆಯಿತಲ್ಲ?

ಕರಿಯ ಕೈರಂಪಣಿ ಗುಂಪಿನ ತಾಂಡೇಲ. ದೋಣಿಯಲ್ಲಿ ಹೋಗಿ ಬಲೆಯನ್ನು ಕಡಲಲ್ಲಿ ಅರ್ಧಚಂದ್ರದ ಹಾಗೆ ಬಿಟ್ಟು ಬರುವುದು, ಆಮೇಲೆ ಎರಡೂ ತುದಿಯ ಹಗ್ಗ ಹಿಡಿದು ಇಡೀ ದಡವೇ ಎಳೆಯುವುದು, ಇದು ಕೈರಂಪಣಿ. ಬಲೆ ಎಲ್ಲಿ ಬಿಡಬೇಕು ಅಂತ ಹೇಳುವವನು ತಾಂಡೇಲ. ಮೀನು ಮಾರಿ ಬಂದ ಹಣದಲ್ಲಿ ದೇವರಿಗೊಂದು ಪಾಲು, ಬಲೆಗೆ, ದೋಣಿಗೆ, ಉಳಿದದ್ದು ಹಗ್ಗ ಹಿಡಿದ ಒಬ್ಬೊಬ್ಬರಿಗೂ ಒಂದೊಂದು. ಕರಿಯ ಐದನೇ ಬಗೆಯ ಪಾಲೊಂದನ್ನು ಸೇರಿಸಿದ: ಓದಿನ ಪಾಲು. ಕುಂದಾಪುರದ ಸಭಾಭವನದಲ್ಲಿ ನಡೆದ ಶಿಕ್ಷಣ ಮೇಳವೊಂದರಲ್ಲಿ ಟೈ ಕಟ್ಟಿದವನೊಬ್ಬ, “ಅಂತಾರಾಷ್ಟ್ರೀಯ ಸಂಬಂಧ ಅಂತ ಬಿ.ಎ. ಇದೆ. ಎಂಬಸಿಗೆ ಹೋಗುವವರು ಓದುವುದೇ ಇದನ್ನು,” ಅಂದಿದ್ದ. ಅಷ್ಟು ಸಾಕಾಯಿತು. ಬೆಂಗಳೂರಿನ ಖಾಸಗಿ ಕಾಲೇಜು. ಫೀಸಿಗೆ ಬ್ಯಾಂಕಿನ ಸಾಲ ಮತ್ತು ಅಮ್ಮ ಜಲಜ ಅಡವಿಟ್ಟ ನಾಲ್ಕು ಚಿನ್ನದ ಬಳೆ. ಹಾಸ್ಟೆಲ್ಲು, ಊಟಕ್ಕೆ ಓದಿನ ಪಾಲು. ಮೂರು ವರ್ಷ ನಲವತ್ತು ಜನ ಅವಳಿಗಾಗಿಯೂ ಹಗ್ಗ ಎಳೆದರು.

ಮೊದಲನೇ ವರ್ಷ, ಎರಡನೇ ತಿಂಗಳಲ್ಲೇ ಒಬ್ಬರು ಮೇಷ್ಟ್ರು ತರಗತಿಯಲ್ಲಿ ಹೇಳಿದ್ದರು. ವಿದೇಶಾಂಗ ಸೇವೆಗೆ ಸೇರಬೇಕಾದರೆ ದೆಹಲಿಯ ಆ ದೊಡ್ಡ ಪರೀಕ್ಷೆ ಬರೆಯಬೇಕು, ಬರೆಯಲು ಯಾವ ಡಿಗ್ರಿಯಾದರೂ ನಡೆಯುತ್ತದೆ, ಇದೇ ಬೇಕೆಂದಿಲ್ಲ. ಪಕ್ಕದಲ್ಲಿದ್ದ ಹುಡುಗಿ ಉಗುರಿನ ಬಣ್ಣ ಕೆರೆಯುತ್ತಿದ್ದಳು. ಅವಳಿಗೆ ಅದರಿಂದ ಏನೂ ಆಗಬೇಕಾಗಿರಲಿಲ್ಲ, ಲಂಡನ್ನಿನಲ್ಲಿ ಮುಂದಿನ ಓದು ಆಗಲೇ ನಿಶ್ಚಯವಾಗಿತ್ತು. ಚಂದನಾ ಮಾತ್ರ ಆ ದಿನ ಮಧ್ಯಾಹ್ನ ಊಟ ಮಾಡಲಿಲ್ಲ. ರಾತ್ರಿ ಫೋನಿನಲ್ಲಿ ಅಪ್ಪ, “ಇವತ್ ರಾಶಿ ಬೂತಾಯಿ ಮೀನ್ ಬಂದಿತ್ ಮಗಳೆ, ನಿನ್ ಪಾಲಿಗ್ ಎರಡ್ ಸಾವ್ರ ಬಿದ್ದಿತ್,” ಅಂದ. ಹೇಗೆ ಹೇಳುವುದು? ಇವತ್ತು ಬೇಡ, ನಾಳೆ ಹೇಳಿದರಾಯಿತು ಅಂದುಕೊಂಡಳು. ಹಾಗೇ ಮೂರು ವರ್ಷ ಹೋಯಿತು.

ಕುಂದಾಪುರದಲ್ಲಿ ಇಳಿದು ಉಮಾವತಿ ಬ್ಯಾಂಕಿನ ಕಡೆ ಹೋದಳು. ಚಂದನಾ ಹೋದದ್ದು ಗೇರುಬೀಜದ ಕಾರ್ಖಾನೆಯೊಂದಕ್ಕೆ, ಸಂದರ್ಶನಕ್ಕೆ. ಮನೆಯಲ್ಲಿ ಅದನ್ನೂ ಹೇಳಿರಲಿಲ್ಲ, ಗೆಳತಿಯ ಮನೆಗೆ ಅಂದಿದ್ದಳು.

ಮ್ಯಾನೇಜರು ಅವಳ ಅಂಕಪಟ್ಟಿಯನ್ನು ಹಿಂದೆ ಮುಂದೆ ತಿರುಗಿಸಿ ನೋಡಿದರು. ಒಳ್ಳೆಯ ಮನುಷ್ಯ, ಮೊದಲು ನೀರು ತರಿಸಿ ಆಮೇಲೆ ಮಾತಾಡಿದರು.

“ಇಂಟರ್‌ನ್ಯಾಷನಲ್ ಅಂದ್ರೆ ನಮ್ದೂ ಇಂಟರ್‌ನ್ಯಾಷನಲ್ಲೇ. ಬೀಜ ಆಫ್ರಿಕಾದಿಂದ ಬತ್ತ್, ತಿರುಳ್ ದುಬೈಗ್ ಹೋತ್. ಮಧ್ಯದಂಗ್ ಕಾಗ್ದಪತ್ರ. ಅದ್ ನೀನ್ ಕಾಣ್ಕ್. ಹದ್ನಾರ್ ಸಾವ್ರ. ಆರ್ ತಿಂಗ್ಳ್ ಕಳ್ದ್ ಮೇಲ್ ಹದ್ನೆಂಟ್.”

“ಡಿಗ್ರಿಗೆ ಅಂತ ಒಂಚೂರ್ ಜಾಸ್ತಿ ಆತಿಲ್ಯಾ ಸರ್?”

“ಬಿ.ಕಾಂ. ಹುಡ್ಗರಿಗೂ ಅಷ್ಟೇ ಕೊಡುದ್ ಅಮ್ಮ. ಅವ್ರಿಗ್ ಜಿಎಸ್ಟಿ ಗೊತ್ತಿರ್ತ್. ನಿಂಗ್ ಕಲ್ಸ್ಕ್. ಆರೂ ಇರ್ಲಿ, ನಿನ್ ಇಂಗ್ಲಿಷ್ ಚೆಂದ ಇತ್ತ್. ಸೋಮವಾರ್ದಿಂದ ಬಾ.”

ಹದಿನಾರು ಸಾವಿರ. ನವೆಂಬರಿನಿಂದ ಬ್ಯಾಂಕಿನ ಕಂತು ತಿಂಗಳಿಗೆ ಹನ್ನೊಂದು. ಬಸ್ಸಿಗೆ ಎರಡು. ಉಳಿಯುವ ಮೂರರಲ್ಲಿ ಅಮ್ಮನ ಬಳೆ ಯಾವ ವರ್ಷಕ್ಕೆ ವಾಪಸು ಬರುತ್ತದೆ ಎನ್ನುವ ಲೆಕ್ಕ ಗೇಟು ದಾಟುವಷ್ಟರಲ್ಲೇ ಮುಗಿದಿತ್ತು. ಅವಳನ್ನು ಕೊರೆದದ್ದು ಆ ಲೆಕ್ಕವಲ್ಲ. ಪೂಜಿತಾಳದ್ದೂ ಇದೇ ಲೆಕ್ಕ ಆಗಲಿಕ್ಕಿದೆ, ಅದೂ ಈಗ ಫೀಸು ಇನ್ನಷ್ಟು ಏರಿದೆ, ಮತ್ತು ಅದನ್ನು ತಡೆಯಬಲ್ಲವಳು ತಾನೊಬ್ಬಳೇ. ಇವತ್ತು ಸಂಜೆ ಬಾಯಿ ಬಿಟ್ಟರೆ ತಡೆಯಬಹುದು. ಆದರೆ ಬಾಯಿ ಬಿಟ್ಟ ಗಳಿಗೆಯಲ್ಲಿ ನಲವತ್ತು ಜನರ ಮುಂದೆ ಅಪ್ಪನ ತಲೆ ತಗ್ಗುತ್ತದೆ. ತಾಂಡೇಲ ಬಲೆ ಬಿಡಿಸಿದ ಜಾಗವೇ ತಪ್ಪು ಅಂತಾಗುತ್ತದೆ.

ಶಾಸ್ತ್ರಿ ಸರ್ಕಲ್ಲಿನಲ್ಲಿ ನಿಂತಳು. ಬೈಂದೂರು ಬಸ್ಸು ಬಂತು, ಹತ್ತಲಿಲ್ಲ. ಇನ್ನೊಂದು ಬಂತು, ಅದನ್ನೂ ಬಿಟ್ಟಳು. ಒಂದು ಕಬ್ಬಿನ ಹಾಲು ಕುಡಿದಳು, ಅರ್ಧ ಲೋಟ ಹಾಗೇ ಇಟ್ಟು ರಸ್ತೆ ದಾಟಿದಳು. ಈ ಬದಿಯಲ್ಲಿ ಬ್ರಹ್ಮಾವರ, ಉಡುಪಿ ಅಂತ ಕೂಗುತ್ತಿದ್ದ ಬಸ್ಸಿಗೆ ಯೋಚನೆಯೇ ಇಲ್ಲದೆ ಹತ್ತಿದಳು. ಟಿಕೇಟು ಕೇಳಿದಾಗ ಬಾಯಿಗೆ ಬಂದದ್ದು ಸಾಸ್ತಾನ. ಅಲ್ಲಿಂದ ರಿಕ್ಷಾದಲ್ಲಿ ಹಂಗಾರಕಟ್ಟೆ.

ಜಿತೇಂದ್ರ ಅಲ್ಲಿ ಬೋಟು ಕಟ್ಟುವ ಕೆಲಸಕ್ಕೆ ಸೇರಿ ಮೂರು ವರ್ಷವಾಗಿತ್ತು. ಅರ್ಧ ಮುಗಿದ ಬೋಟಿನ ಹೊಟ್ಟೆಯ ಕೆಳಗೆ ಕೂತು ಊಟದ ಡಬ್ಬಿ ಬಿಚ್ಚುತ್ತಿದ್ದ.

“ಹ್ವಾಯ್, ಎಂಬಸಿಯವ್ರ್ ಇಲ್ಲಿಗ್ ಬಂದ್ರಾ,” ಅಂದ. “ನಂಗೆಂತ ನೋಟೀಸಾ?”

“ತಮಾಷೆ ಸಾಕ್ ಜಿತಣ್ಣ. ಒಂದ್ ಮಾತ್ ಕೇಂತೆ. ಅಲ್ಲಿ ನಿಮ್ಮನ್ ಹಿಡ್ದಿಟ್ಟಾಗ ಎಂಬಸಿಯವ್ರ್ ಬಂದಿದ್ರಾ?”

ಜಿತೇಂದ್ರ ಡಬ್ಬಿಯ ಮುಚ್ಚಳ ಮತ್ತೆ ಹಾಕಿದ. “ಬಂದಿದ್ದ ಒಬ್ಬ. ಒಂದ್ಸಲ. ನಮ್ ದೇಶದವ್ನೇ, ಹಿಂದಿ ಮಾತಾಡ್ದ. ಪಾಪದವ. ಎಲ್ರಿಗೂ ಬಿಸ್ಕಿಟ್ ಪ್ಯಾಕೆಟ್ ಕೊಟ್ಟ, ಫಾರಂ ತುಂಬ್ಸ್ದ, ಮೇಲಿನವ್ರ್ ಹೇಳ್ದಂಗ್ ಆತ್ತ್ ಅಂದ, ಹೋದ.”

“ಮತ್ತೆ ಬಿಡ್ಸದ್ ಯಾರ್?”

“ಬೋಟಿನ ಸೇಟು. ದಂಡ ಕಟ್ದ. ಅವ್ನಿಗ್ ನಾವ್ ಬ್ಯಾಡ, ಬೋಟ್ ಬೇಕಿತ್ತ್. ಬೋಟ್ ಬಿಡ್ಸ್ತಾ ನಮ್ಮನ್ನೂ ಬಿಡ್ಸ್ದ.”

“ಇದ್ ನಮ್ ಅಪ್ಪಯ್ಯಂಗ್ ಗೊತ್ತಿತ್ತಾ?”

“ಇಲ್ಲೆ. ನಾ ಬಂದಾಗ ಚಿಕ್ಕಯ್ಯ ಊರೆಲ್ಲ ಹೇಳಿ ಆಯ್ದಿತ್ತ್, ಎಂಬಸಿಯವ್ರ್ ಬಿಡ್ಸದ್ ಅಂದೆಳಿ. ಹೂವಿನ್ ಹಾರ ಬೇರೆ. ಹಾರ ಹಾಕ್ಕಂಡ್ ನಿಂತವ ಅಲ್ಲ ಅಲ್ಲ ಅಂತ ಹೇಳುದ್ ಹ್ಯಾಂಗೆ? ಆಮೇಲ್ ನಿನ್ನನ್ನ ಓದೂಕ್ ಕಳ್ಸಿದ್ರ್. ಆಗಂತೂ ಬಾಯೇ ಬರ್ಲಿಲ್ಲೆ.”

ಮೇಲೆ ಯಾರೋ ಬೋಟಿನ ಹಲಗೆಯ ಸಂದಿಗೆ ಹತ್ತಿ ತುರುಕಿ ಬಡಿಯುತ್ತಿದ್ದರು, ಟಕ್ ಟಕ್ ಅಂತ.

“ಇವತ್ ಸಂಜಿಗ್ ಹೇಳ್ತೆ ಜಿತಣ್ಣ. ಪೂಜಿತಂಗ್ ಅದೇ ಓದ್ ಓದ್ಸೂಕ್ ಹೊರ್ಟಿದ್ರ್. ನೀನೂ ಬತ್ಯಾ?”

“ನಾ ಬತ್ತಿಲ್ಲೆ.” ಯೋಚನೆ ಮಾಡಲೂ ಇಲ್ಲ. “ಚಿಕ್ಕಯ್ಯನ ಮೊಕ ಕಾಂಬುಕ್ ನನ್ ಕೈಲಿ ಆತಿಲ್ಲೆ. ಉಣ್ತ್ಯಾ? ಬಂಗ್ಡೆ ಇತ್ತ್.”

ಅವಳು ಉಣ್ಣಲಿಲ್ಲ. ವಾಪಸು ಬರುವಾಗ ಮೂರು ಬಸ್ಸು ಬದಲಿಸಿದಳು. ಒಂದರಲ್ಲಿ ಸೀಟಿದ್ದರೂ ನಿಂತೇ ಬಂದಳು. ಹೇಳಬೇಕಾದ ಮಾತನ್ನು ಮನಸ್ಸಿನಲ್ಲೇ ಜೋಡಿಸಿದಳು. ಹೆಮ್ಮಾಡಿ ದಾಟುವಷ್ಟರಲ್ಲಿ ಅದು ಕಾಲೇಜಿನ ಪ್ರಬಂಧದ ಹಾಗಾಯಿತು, ಕೆಡವಿದಳು. ಮರವಂತೆಯಲ್ಲಿ ಮತ್ತೆ ಜೋಡಿಸಿದಳು. ಇಳಿಯುವ ಹೊತ್ತಿಗೆ ಒಂದು ಶಬ್ದವೂ ನೆನಪಿರಲಿಲ್ಲ.

ಮಳೆಗಾಲ ಮುಗಿದು ಬಲೆ ಕಡಲಿಗಿಳಿಯುವ ಮೊದಲು ವರ್ಷದ ಪಾಲು ನಿರ್ಣಯ ಆಗುವುದು ಬಲೆಯ ಚಪ್ಪರದಲ್ಲಿ. ಆ ಗುಂಪಿನಲ್ಲಿ ಕೈಯೆತ್ತುವ ಕ್ರಮ ಇಲ್ಲ. ಹಗ್ಗದ ಸುರುಳಿ ಬಿಚ್ಚಿ ಮರಳಿನ ಮೇಲೆ ಉದ್ದಕ್ಕೆ ಹಾಸುತ್ತಾರೆ, ಇಬ್ಬದಿಯಲ್ಲೂ ಎಲ್ಲರೂ ಕೂತು ಹಗ್ಗದ ಮೇಲೆ ಕೈಯಿಡುತ್ತಾರೆ. ಒಪ್ಪಿದವರು ಕೈ ಹಾಗೇ ಇಟ್ಟಿರಬೇಕು. ಒಪ್ಪದವರು ಎತ್ತಬೇಕು. ಚಂದನಾ ಹೋದಾಗ ಹಗ್ಗ ಹಾಸಿ ಆಗಿತ್ತು. ಅಪ್ಪ ಹಗ್ಗದ ತಲೆಯ ಬದಿಯಲ್ಲಿ, ಬಿಳಿ ಅಂಗಿ ಹಾಕಿಕೊಂಡು. ಉಮಾವತಿ ಬೆಳಗಿನ ಅದೇ ಸೀರೆಯಲ್ಲಿ, ಪಕ್ಕ ಪೂಜಿತಾ. ಚಂದನಾಳನ್ನು ಕಂಡು ಪೂಜಿತಾ ಜಾಗ ಮಾಡಿ ಕೊಟ್ಟಳು.

ಗುಂಪಿನ ಪುಸ್ತಕ ಬರೆಯುವ ಚಂದ್ರ ಓದಿದ: “ಓದಿನ ಪಾಲ್ ಮುಂದ್ವರ್ಸುದ್. ಈ ಸಲ ಉಮಕ್ಕನ ಮಗ್ಳ್ ಪೂಜಿತಂಗೆ. ಚಂದನಾ ಮಾಡಿದ್ ಓದೇ. ಮೂರ್ ವರ್ಷ.”

“ಅದ್ರ ಬಗ್ಗೆ ಚಂದನಾನೇ ಎರಡ್ ಮಾತ್ ಹೇಳ್ತ್,” ಅಂದಳು ಉಮಾವತಿ.

“ಹೇಳ್ ಮಗಳೆ,” ಅಂದ ಕರಿಯ. ಅವನ ಮುಖದಲ್ಲಿದ್ದ ಸಂತೋಷ ನೋಡಿದ್ದರೆ ಅವಳಿಗೆ ಹೇಳಲು ಆಗುತ್ತಿರಲಿಲ್ಲ. ಹಗ್ಗ ನೋಡಿಕೊಂಡೇ ಹೇಳಿದಳು.

“ನಂಗ್ ಎಂಬಸಿಲ್ ಕೆಲ್ಸ ಸಿಕ್ತಿಲ್ಲೆ.”

“ಈ ವರ್ಷ ಇಲ್ದಿರೆ ಬಪ್ ವರ್ಷ ಸಿಕ್ತ್, ಅದಕ್ಕೆಂತ,” ಅಂತ ಯಾರೋ ಸಮಾಧಾನ ಹೇಳಿದರು.

“ಬಪ್ ವರ್ಷನೂ ಸಿಕ್ತಿಲ್ಲೆ. ಆ ಓದ್ ಓದ್ರೆ ಎಂಬಸಿಗ್ ತಕಂತ್ರ್ ಅಂಬುದೇ ಸುಳ್ಳ್. ಅದಕ್ಕ್ ಬೇರೆ ಪರೀಕ್ಷೆ ಇತ್ತ್. ದೇಶದವ್ರೆಲ್ಲ ಬರೀತ್ರ್, ಆರಿಸ್ಕಂಬುದ್ ಬೆರಳೆಣಿಕಿ ಜನ. ಅದನ್ ಬರೂಕ್ ಯಾವ್ ಡಿಗ್ರಿ ಆರೂ ಸಾಕ್. ಕುಂದಾಪ್ರದ ಕಾಲೇಜಿನ ಬಿ.ಎ. ಆರೂ ಸಾಕಿತ್ತ್.”

“ಬೆಳಿಗ್ಗೆ ಬಸ್ಸಲ್ಲಿ ನೀ ಲಕ್ಷ ಅಂದೆ,” ಅಂದಳು ಉಮಾವತಿ, ಮೆಲ್ಲಗೆ.

“ಎಂಬಸಿಯವ್ರಿಗ್ ಬಪ್ಪುದ್ ಅಷ್ಟ್ ಅತ್ತೆ. ನಂಗ್ ಬಪ್ಪುದ್ ಹದ್ನಾರ್ ಸಾವ್ರ. ಗೇರುಬೀಜದ ಫ್ಯಾಕ್ಟ್ರಿಲ್. ಸೋಮವಾರ್ದಿಂದ ಹೋತೆ.”

ಗುಂಪಿನಲ್ಲಿ ಎಲ್ಲರಿಗಿಂತ ಹಿರಿಯಳಾದ ಅಪ್ಪಿ ಎಲೆಅಡಿಕೆ ಉಗುಳಿ ಬಂದು ಕೂತಳು. “ಹಂಗಾರ್ ಮೂರ್ ವರ್ಷ ನಾವ್ ಎಳ್ದದ್ದ್ ಬರೀ ಬಲಿ. ಮೀನೇ ಇಲ್ಲೆ.”

ಒಂದಿಬ್ಬರು ನಕ್ಕರು. ಉಳಿದವರು ಕರಿಯನ ಕಡೆ ನೋಡಿ ನಗುವುದನ್ನು ಬಿಟ್ಟರು.

“ನಿಂಗ್ ಯಾವಾಗ ಗೊತ್ತಾಯ್ತ್?” ಕರಿಯ ಕೇಳಿದ.

“ಮೊದ್ಲನೇ ವರ್ಷವೇ ಅಪ್ಪಯ್ಯ.”

ಬಿಸ್ಕಿಟಿನ ಮಾತು ಅವಳ ನಾಲಗೆಯ ತುದಿಗೆ ಬಂದಿತ್ತು. ಅದನ್ನೂ ಹೇಳಿದ್ದರೆ ತಪ್ಪು ಅರ್ಧಕ್ಕರ್ಧ ಹಂಚಿಹೋಗುತ್ತಿತ್ತು. ಆದರೆ ಅದು ಜಿತೇಂದ್ರನ ಮಾತು, ಅವನೇ ಬಂದು ಹೇಳಬೇಕಾದದ್ದು. ನುಂಗಿಕೊಂಡಳು.

ಕರಿಯ ಅಂಗಿಯ ತೋಳು ಮೇಲೆ ಮಾಡಿದ, ಕೆಳಗೆ ಮಾಡಿದ. “ಓದ್ ಅಂದದ್ದ್ ನಾನ್,” ಅಂದ. “ಹೆಣ್ಣ್ ಓದಿತ್, ಪಾಸಾಯ್ತ್. ಎಳಿ ಅಂದದ್ದ್ ನಾನ್, ನೀವ್ ಎಳ್ದ್ರಿ. ಬಲಿ ಬಿಡೂ ಜಾಗ ಕಾಣುದ್ ನನ್ ಕೆಲ್ಸ. ನಾ ಕಾಣ್ಲಿಲ್ಲೆ. ಟೈ ಕಂಡೆ.” ಹಗ್ಗದ ಮೇಲಿನಿಂದ ಎಲ್ಲರಿಗಿಂತ ಮೊದಲು ಕೈ ಎತ್ತಿದವನು ಅವನೇ. ಎತ್ತಿದ ಕೈಯನ್ನು ಎಲ್ಲಿಡಬೇಕೆಂದು ತಿಳಿಯದೆ ತೊಡೆಯ ಮೇಲಿಟ್ಟ.

ಆಮೇಲೆ ಒಬ್ಬೊಬ್ಬರದೇ ಕೈ ಎದ್ದಿತು. ಉಮಾವತಿಯ ಕೈ ಮಾತ್ರ ಹಗ್ಗದ ಮೇಲಿತ್ತು.

“ನನ್ ಮಗ್ಳಿಗ್ ಹಂಗಾರ್ ಎಂತದೂ ಇಲ್ಯಾ?” ಅಂದಳು.

“ಪಾಲ್ ಪೂಜಿತಂದೇ,” ಅಂದ ಚಂದ್ರ ಅವಸರದಲ್ಲಿ. “ಓದ್ ಯಾವ್ದ್ ಅಂಬುದ್ ಮಾತ್ರ ಬೇರೆ ಕಾಂಬ. ಸೋಮವಾರ ದುಡ್ಡ್ ಕಟ್ಟುದ್ ಬ್ಯಾಡ. ಅಡ್ಡಿಲ್ಯಾ ತಾಂಡೇಲ್ರೆ?”

“ನನ್ನನ್ನ ಕೇಣ್ಬೇಡ,” ಅಂದ ಕರಿಯ. “ಅದ್ನ ಕೇಣ್, ಚಂದನನ್ನ. ಗೊತ್ತಿಪ್ಪುದ್ ಅದಕ್ಕ್ ಒಂದಕ್ಕೇ.”

ಅದು ಹೊಗಳಿಕೆಯೋ ಬೈಗುಳವೋ ಚಂದನಾಳಿಗೆ ತಿಳಿಯಲಿಲ್ಲ. ಅಪ್ಪ ಅವಳ ಕಡೆ ನೋಡದೆ ಎದ್ದು ದೋಣಿಯ ಹಿಂದೆ ಹೋದ. ಜನ ಗುಂಪು ಗುಂಪಾಗಿ ಮಾತಾಡುತ್ತ ಕರಗಿದರು. ಹಗ್ಗವನ್ನು ಮತ್ತೆ ಸುತ್ತಲು ನಾಲ್ಕು ಜನ ಉಳಿದರು.

ಚಪ್ಪರದ ಹೊರಗೆ ಸ್ಕೂಟರಿನ ಹತ್ತಿರ ಪೂಜಿತಾ ನಿಂತಿದ್ದಳು. ಉಮಾವತಿ ಹಿಂದಿನ ಸೀಟಿನಲ್ಲಿ, ಫೈಲನ್ನು ಎದೆಗೊತ್ತಿಕೊಂಡು. ಚಂದನಾ ಹತ್ತಿರ ಹೋದಳು.

“ಪೂಜಿ, ನಾಳೆ ಮನಿಗ್ ಬಾ. ಕೂಕಂಡ್ ಕಾಂಬ. ಕುಂದಾಪ್ರದಂಗೇ ಒಳ್ಳೊಳ್ಳೆ ಕೋರ್ಸ್ ಇತ್ತ್. ಮನಿಂದ್ಲೇ ಹೋಯ್ ಬಪ್ಪುಕ್ ಆತ್ತ್.”

ಪೂಜಿತಾ ಕೀಲಿ ತಿರುಗಿಸಿದಳು. “ನಂಗ್ ಎಂಬಸಿ ಬೇಕಿತ್ತ್ ಅಂತ ನಿಂಗ್ ಯಾರ್ ಹೇಳಿದ್ದ್?”

“ಮತ್ತೆ?”

“ನೀ ಮೂರ್ ವರ್ಷ ಬೆಂಗ್ಳೂರ್ ಕಂಡ್ ಬಂದೆ ಚಂದನಕ್ಕ. ನಾ ಕಾಂಬುದ್ ಬ್ಯಾಡ್ದಾ?”

ಸ್ಕೂಟರು ಚಾಲೂ ಆಯಿತು, ಮುಂದೆ ಹೋಗಲಿಲ್ಲ. ಹಿಂದಿನ ಚಕ್ರ ಮರಳಿನಲ್ಲಿ ಹೂತು ಸುಮ್ಮನೆ ತಿರುಗಿತು. ಪೂಜಿತಾ ಇನ್ನಷ್ಟು ಎಕ್ಸಲರೇಟರು ತಿರುವಿದಳು. ಉಮಾವತಿ ಇಳಿಯಲು ನೋಡಿದಳು, ಇಳಿಯಲಾಗಲಿಲ್ಲ. ಚಂದನಾ ಹಿಂದೆ ಹೋಗಿ, ಸಂದರ್ಶನಕ್ಕೆಂದು ಹಾಕಿದ್ದ ಚೂಡಿದಾರದ ತೋಳು ಮಡಿಸಿ, ಎರಡೂ ಕೈಯಿಂದ ನೂಕಿದಳು. ಒಮ್ಮೆ, ಎರಡು ಸಲ. ಮೂರನೇ ಸಲಕ್ಕೆ ಚಕ್ರ ಗಟ್ಟಿ ನೆಲ ಹಿಡಿಯಿತು. ಸ್ಕೂಟರು ಹಾರಿದ ಹಾಗೆ ಮುಂದೆ ಹೋಗಿ ತೆಂಗಿನ ಸಾಲಿನ ಆಚೆ ತಿರುಗಿತು. ಚಂದನಾಳ ಮುಖದ ತುಂಬ ಒದ್ದೆ ಮರಳು. ಬಾಯೊಳಗೂ ಹೋಗಿತ್ತು. ಬಗ್ಗಿ ಉಗುಳಿದಳು, ಇನ್ನೂ ಇತ್ತು, ಮತ್ತೆ ಉಗುಳಿದಳು.